ಚಿಕ್ಕ ದಣಿಯ ಆಯುಷ್ಯ ಮತ್ತು ಹುಲಿಗೆಮ್ಮನ ಫೀಸು

ಮೊನ್ನೆ ಬೆಳಿಗ್ಗೆ ಬಾಗಿಲ ಸಂದಿಯಿಂದ ಒಂದು ಆಮಂತ್ರಣ ಪತ್ರಿಕೆ ಒಳಗೆ ಜಾರಿ ಬಿತ್ತು. ನಾಲ್ಕೂ ಮೂಲೆಗಳಿಗೆ ಅರಿಶಿನ ಹಚ್ಚಿದ್ದರು. ಮದುವೆಯ ಪತ್ರಿಕೆಗೆ ಅರಿಶಿನ ಹಚ್ಚುವುದನ್ನು ನಾನು ಬಲ್ಲೆ. ವಿದ್ಯಾರ್ಥಿವೇತನ ವಿತರಣೆಯ ಪತ್ರಿಕೆಗೂ ಅರಿಶಿನ ಹಚ್ಚುವ ಮಹನೀಯರು ನಮ್ಮ ಬಳ್ಳಾರಿಯಲ್ಲಿದ್ದಾರೆ. ಅರಿಶಿನದ ಮೇಲೆ ಸೆಂಟನ್ನೂ ಚಿಮುಕಿಸಿದ್ದರಿಂದ, ಬಹಳ ದಿನ ಮುಚ್ಚಿಟ್ಟ ಬೀರುವನ್ನು ತೆರೆದಾಗ ಬರುವಂಥ ಒಂದು ವಾಸನೆ ಕೋಣೆಯನ್ನೆಲ್ಲ ತುಂಬಿತು. ಇಂಥ ಪತ್ರಿಕೆಗಳನ್ನು ನಾನು ಕೊನೆಯಿಂದ ಮೊದಲಿಗೆ ಓದುತ್ತೇನೆ. ಮೆರೆಯುವವರ ಹೆಸರುಗಳು ಮೇಲಿರುತ್ತವೆ, ದುಡಿಯುವವರ ಹೆಸರುಗಳು ಕೆಳಗಿರುತ್ತವೆ. ಈ ಸಲವೂ ವಂದನಾರ್ಪಣೆಗಿಂತ ಒಂದು ಸಾಲು ಮೇಲೆ, ‘ನಿರೂಪಣೆ’ ಎಂಬಲ್ಲಿ, ನನ್ನ ಹೆಸರು ಅಚ್ಚಾಗಿತ್ತು. ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳುವ ಪದ್ಧತಿ ಅವರಲ್ಲಿಲ್ಲ. ಬೇಡವೆನ್ನುವ ಪದ್ಧತಿ ನನ್ನಲ್ಲಿಯೂ ಇರಲಿಲ್ಲ.

ಆ ಸಂಸ್ಥೆಯ ಹೆಸರು ಇಲ್ಲಿ ಬೇಡ. ಒಬ್ಬ ದೊಡ್ಡ ದಣಿ ತೀರಿಕೊಂಡ ಮೇಲೆ ಅವರ ಮಗ ನಡೆಸುತ್ತಿರುವ, ವರ್ಷಕ್ಕೊಮ್ಮೆ ಮಾತ್ರ ಕಣ್ಣು ಬಿಡುವ ಸಂಸ್ಥೆ ಅದು. ಮಗನಿಗೆ ಇನ್ನೂ ಮೂವತ್ತಾಗಿಲ್ಲ. ಊರಿನವರು ‘ಚಿಕ್ಕ ದಣಿ’ ಎನ್ನುತ್ತಾರೆ. ಓದುವ ಬಡ ಮಕ್ಕಳಿಗೆ ವೇದಿಕೆಯ ಮೇಲೆ ಒಂದೊಂದು ಕವರು ಕೊಡುತ್ತಾರೆ. ಹನ್ನೊಂದು ವರ್ಷಗಳಿಂದ ಆ ಕಾರ್ಯಕ್ರಮದ ಮೈಕಿನ ಹಿಂದೆ ನಿಲ್ಲುವವಳು ನಾನು. ಮೊದಲ ವರ್ಷ ಮಕ್ಕಳು ವೇದಿಕೆಗೆ ಎರಡೂ ಕಡೆಯಿಂದ ಏರಿ, ಎರಡೂ ಕಡೆಯಿಂದ ಇಳಿದು, ನಡುವೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡು, ಹಾರಕ್ಕೆ ಕೈಹಾಕಿದವರು ಹಾರದೊಂದಿಗೆ ಬಿದ್ದು, ದೊಡ್ಡ ದಣಿಯ ಕನ್ನಡಕ ಮುರಿದಿತ್ತು. ಅಶಿಸ್ತು ನನಗೆ ಹಲ್ಲುನೋವಿನಂತೆ. ಮರುವರ್ಷ ನಾನೇ ಕುಳಿತು ನಾಲ್ಕು ಸಾಲಿನ ಒಂದು ಸೂಚನೆ ಬರೆದೆ. ಒಂದು: ಎಡಗಡೆಯ ಮೆಟ್ಟಿಲಿನಿಂದ ಏರುವುದು. ಎರಡು: ಅಧ್ಯಕ್ಷರ ಪಾದಸ್ಪರ್ಶ ಮಾಡಿ ಆಶೀರ್ವಾದ ಪಡೆಯುವುದು. ಮೂರು: ಕವರನ್ನು ಸ್ವೀಕರಿಸಿ ಛಾಯಾಚಿತ್ರಕ್ಕೆ ನಿಲ್ಲುವುದು. ನಾಲ್ಕು: ಬಲಗಡೆಯಿಂದ ಇಳಿಯುವುದು. ಕಾರ್ಯದರ್ಶಿ ಅದನ್ನು ನೋಡಿ ಮೆಚ್ಚಿ ಲ್ಯಾಮಿನೇಟ್ ಮಾಡಿಸಿದರು. ಅಂದಿನಿಂದ ಅದು ಬದಲಾಗಿಲ್ಲ. ದೊಡ್ಡ ದಣಿ ಹೋದರು, ಮೈಕು ಹಳೆಯದಾಗಿ ಹೊಸದು ಬಂತು. ಸೂಚನೆ ಮಾತ್ರ ಪ್ಲಾಸ್ಟಿಕ್ಕಿನೊಳಗೆ ಅಚ್ಚಳಿಯದೆ ಉಳಿಯಿತು.

ನನ್ನ ಬಗ್ಗೆ ಇಷ್ಟು ಹೇಳಿದರೆ ಸಾಕು. ಸಿರುಗುಪ್ಪದ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷ ಕನ್ನಡ ಕಲಿಸಿದೆ. ಆಡಳಿತ ಮಂಡಳಿಯವರ ಮಗನೊಬ್ಬನಿಗೆ ಅವನು ಬರೆಯದ ಉತ್ತರಕ್ಕೆ ಅಂಕ ಹಾಕಲಾರೆ ಎಂದು ಹೇಳಿ, ನಾಲ್ಕು ವರ್ಷಗಳ ಹಿಂದೆ ಮನೆಗೆ ಬಂದೆ. ಪದಗಳು ತಂತಮ್ಮ ಜಾಗದಲ್ಲಿ ಕೂರಬೇಕು, ಕೆಂಪು ಶಾಯಿಯ ಪೆನ್ನಿಗೆ ಮುಚ್ಚಳವಿರಬೇಕು, ಅರ್ಜಿಗೆ ಅಡಕಗಳ ಪಟ್ಟಿ ಇರಬೇಕು. ಇಷ್ಟೇ ನನ್ನ ಧರ್ಮ. ಮಾತಾಡುವಾಗಲೂ ಪುಸ್ತಕದಂತೆ ಮಾತಾಡುತ್ತೇನೆಂದು ನನ್ನ ತಂಗಿ ಅಣಕಿಸುತ್ತಾಳೆ. ಅಣಕಿಸಲಿ. ಪುಸ್ತಕಗಳಿಗೆ ಅದರಿಂದ ನಷ್ಟವಿಲ್ಲ.

ಹೋದ ವರ್ಷ ಬೇಸಿಗೆಯ ಕೊನೆಯಲ್ಲಿ, ಬಳ್ಳಾರಿಯ ಬಂಡೆಗಳು ಮಧ್ಯಾಹ್ನದ ಬಿಸಿಯನ್ನು ಸಂಜೆಯವರೆಗೂ ಕಾಪಾಡಿಕೊಂಡಿರುವ ದಿನಗಳಲ್ಲಿ, ಹುಲಿಗೆಮ್ಮ ನನ್ನ ಮನೆ ಹುಡುಕಿಕೊಂಡು ಬಂದಳು. ಒಂಬತ್ತನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ. ರಾರಾವಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದಳು, ದಿನವೂ ತಡವಾಗುತ್ತಿತ್ತು. “ಬಸ್ಸು ತಡ ಆತ್ರಿ ಟೀಚರ್” ಎನ್ನುತ್ತಿದ್ದಳು. ಬಸ್ಸನ್ನು ತರಗತಿಯ ಹೊರಗೆ ನಿಲ್ಲಿಸಲು ಬರುವುದಿಲ್ಲವಾದ್ದರಿಂದ ನಾನು ಅವಳನ್ನು ನಿಲ್ಲಿಸುತ್ತಿದ್ದೆ. ಅಲ್ಲಿಂದಲೇ ಪಾಠ ಕೇಳಿ, ಅಲ್ಲಿಂದಲೇ ಉತ್ತರ ಹೇಳುತ್ತಿದ್ದಳು. ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಸಹಿಸುವುದು ಸುಲಭವಾಗುತ್ತಿತ್ತು.

ನನ್ನ ಮನೆಗೆ ಬಂದಾಗ ಅವಳಿಗೆ ಮೂವತ್ತನಾಲ್ಕು. ಕುರುಗೋಡಿಗೆ ಮದುವೆಯಾಗಿ ಹದಿನಾರು ವರ್ಷ. ಗಂಡ ಗಾರೆ ಕೆಲಸದವನು, ಮಗಳು ಹೈಸ್ಕೂಲಿನಲ್ಲಿ. ಹುಲಿಗೆಮ್ಮ ಹತ್ತು ವರ್ಷಗಳಿಂದ ಕುರುಗೋಡಿನಿಂದ ಬಳ್ಳಾರಿಗೆ ಬಂದುಹೋಗುತ್ತ ಒಂದು ಹೆರಿಗೆಯ ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದಳು. ಖಾಸಗಿಯಾಗಿ ಕಟ್ಟಿ ಪಿಯುಸಿಯನ್ನೂ ಪಾಸು ಮಾಡಿಕೊಂಡಿದ್ದಳು. ಬಳ್ಳಾರಿಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಮೂರು ವರ್ಷದ ಡಿಪ್ಲೊಮಾಕ್ಕೆ ಸೀಟು ಸಿಕ್ಕಿತ್ತು. ಎರಡು ಮತ್ತು ಮೂರನೆಯ ವರ್ಷದ ಫೀಸನ್ನು ಕಂತಿನಲ್ಲಿ ಕಟ್ಟಬಹುದಂತೆ. ಮೊದಲನೆಯ ವರ್ಷದ್ದನ್ನು ಮಾತ್ರ ಒಮ್ಮೆಗೇ, ಹೇಳಿದ ದಿನದೊಳಗೆ ಕಟ್ಟಬೇಕು. ತಪ್ಪಿದರೆ ಸೀಟು ಇನ್ನೊಬ್ಬರಿಗೆ.

“ಆಯಾ ಕೆಲಸದಲ್ಲೇ ಇರಬಹುದಲ್ಲ?” ಎಂದು ಕೇಳಿದೆ. ಪರೀಕ್ಷಿಸಲು ಕೇಳಿದ್ದು, ಅಭ್ಯಾಸಬಲ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: “ಒಂದಿನ ಮಧ್ಯಾಹ್ನ ಒಬ್ಬ ಬಾಣಂತಿ ಕೈ ತಣ್ಣಗಾಗಾಕ ಹತ್ತಿತ್ರಿ. ಬಟ್ಟಿ ಎಲ್ಲಾ ತೊಯ್ದಿತ್ತು. ಸಿಸ್ಟರಿಗೆ ಹೇಳಿದೆ, ಡಾಕ್ಟ್ರನ್ನ ಕರೀರಿ, ಈ ರಕ್ತ ನಿಲ್ಲೋ ರಕ್ತ ಅಲ್ಲ ಅಂತ. ಆಕಿ ಓದಿ ಬಂದು ಆರು ತಿಂಗಳ ಆಗಿತ್ತು. ‘ನೀ ಬಟ್ಟಿ ಬದಲಿ ಮಾಡು, ಡಾಕ್ಟರ್ ಆಗಬ್ಯಾಡ’ ಅಂದ್ಲು. ಮೂರು ಸಲ ಹೇಳಿದೆ ಟೀಚರ್. ಕಡೀಕ ಡಾಕ್ಟ್ರು ತಾವ ಆ ಕಡಿ ಬಂದ್ರು, ಬಾಣಂತಿ ಉಳದ್ಲು. ಬರದಿದ್ರ? ನನಗ ಗೊತ್ತಿತ್ತು. ಆದ್ರ ನಾ ಹೇಳಿದ್ದು ಯಾರಿಗೂ ಕೇಳಸಲಿಲ್ಲ. ಹೇಳಿದ್ರ ಕೇಳಬೇಕು ಅಂದ್ರ ಬಿಳಿ ಅಂಗಿ ಬೇಕ್ರಿ.”

ನಾನು ಎದ್ದು ಹೊಸ ಫೈಲು ತೆಗೆದೆ. ಮೇಲೆ ಅವಳ ಹೆಸರು ಬರೆದೆ. ಮುಂದಿನದೆಲ್ಲ ಸುಲಭವೆಂದು ನನಗೆ ಅನ್ನಿಸಿತ್ತು. ಅರ್ಹಳಾದ ಅಭ್ಯರ್ಥಿ, ಸ್ಪಷ್ಟವಾದ ಅಗತ್ಯ, ಚೊಕ್ಕ ಅರ್ಜಿ, ಇನ್ನೇನು ಬೇಕು? ನಿಮಗೆ ನಗು ಬಂದಿರಬಹುದು. ನಗಿ. ನಾನು ಅಷ್ಟು ವರ್ಷ ಶಾಲೆಯ ಕಾಂಪೌಂಡಿನೊಳಗೇ ಇದ್ದವಳು.

ಮೊದಲು ವಿದ್ಯಾರ್ಥಿವೇತನದ ಆನ್‌ಲೈನ್ ಅರ್ಜಿ. ಸೈಬರ್ ಸೆಂಟರಿನಾತ ಗುಟ್ಕಾವನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸಾಗಿಸಿ, “ತಂದಿ ಆದಾಯ ಎಷ್ಟ್ರಿ?” ಎಂದ.

“ನನಗ ಮದುವಿ ಆಗಿ ಹದಿನಾರು ವರ್ಷ ಆತ್ರಿ ಅಣ್ಣಾರ,” ಎಂದಳು ಹುಲಿಗೆಮ್ಮ.

“ಆಗಿರ್ಲವ್ವಾ. ಕಂಪ್ಯೂಟರ್ ತಂದೀದು ಕೇಳ್ತೈತಿ.”

“ಗಂಡಂದು ಹಾಕಿದ್ರ?”

“ಗಂಡ ಅನ್ನೋ ಕಾಲಮ್ಮೇ ಇಲ್ಲ.”

ಹದಿನೇಳು ವರ್ಷಕ್ಕೆ ಸರಿಯಾಗಿ ಓದು ಮುಗಿಸದ ಹೆಣ್ಣು ಮತ್ತೆ ಓದಲು ಬರಬಹುದೆಂಬ ಕಲ್ಪನೆಯೇ ಆ ಅರ್ಜಿಯನ್ನು ರಚಿಸಿದ ಮಹಾನುಭಾವರ ತಲೆಗೆ ಹೊಳೆದಿರಲಿಲ್ಲ. ಸರಿ, ತಂದೆಯ ಆದಾಯ ಪ್ರಮಾಣಪತ್ರ ತರೋಣವೆಂದು ಸಿರುಗುಪ್ಪಕ್ಕೆ ಹೋದೆವು. ರಾರಾವಿಯಿಂದ ಅವಳ ಅಪ್ಪ, ಎಪ್ಪತ್ತರ ಮುದುಕ, ಒಗೆದ ಧೋತರ ಉಟ್ಟು, ಮಗಳು ಮತ್ತೆ ಶಾಲೆಗೆ ಸೇರುತ್ತಾಳೆಂಬ ಸಂಭ್ರಮದಲ್ಲಿ ನಮಗಿಂತ ಮೊದಲೇ ಬಂದು ಕಚೇರಿಯ ಕಟ್ಟೆಯ ಮೇಲೆ ಕುಳಿತಿದ್ದ. ಗುಮಾಸ್ತ ಅವನನ್ನೂ ಅವಳನ್ನೂ ನೋಡಿ, “ಮದುವಿ ಆದ ಮಗಳು ಗಂಡನ ಮನಿ ಲೆಕ್ಕಕ್ಕ ಬರ್ತಾಳ. ಕುರುಗೋಡಿಗೆ ಹೋಗ್ರಿ” ಎಂದ. ಕುರುಗೋಡಿಗೆ ಹೋದೆವು. ಅಲ್ಲಿನವರು, “ವಿದ್ಯಾರ್ಥಿನಿ ಅಂದ್ಮ್ಯಾಲ ತಂದಿ ಊರಾಗ ಮಾಡಸ್ಬೇಕ್ರಿ, ಸಿರುಗುಪ್ಪಕ್ಕ ಹೋಗ್ರಿ” ಎಂದರು. ಇಬ್ಬರೂ ಬಹಳ ವಿನಯದಿಂದಲೇ ಹೇಳಿದರು. ಒರಟಾಗಿ ಹೇಳಿದ್ದರೆ ಜಗಳವಾಡಬಹುದಿತ್ತು. ಗದ್ದೆಯ ಹಸಿರಿನಿಂದ ಕುರುಗೋಡಿನ ಕಲ್ಲುಗುಡ್ಡಕ್ಕೆ, ಕಲ್ಲುಗುಡ್ಡದಿಂದ ಮತ್ತೆ ಗದ್ದೆಗೆ, ಒಂದು ವಾರ ಓಡಾಡಿದೆವು. ಮೂರನೆಯ ಸಲ ನಮ್ಮನ್ನು ಕಂಡ ಬಸ್ ಕಂಡಕ್ಟರು, “ಏನ್ರಿ ಟೀಚರ್, ಈ ರೂಟಿಗೆ ನಿಮ್ಮನ್ನ ಚೆಕಿಂಗಿಗೆ ಹಾಕ್ಯಾರೇನ್ರಿ?” ಎಂದು ಕೇಳಿದ. ಅಷ್ಟರಲ್ಲಿ ಅರ್ಜಿಯ ಕೊನೆಯ ದಿನ ಕಳೆಯಿತು. ಹದಿನಾರು ವರ್ಷ ಎರಡು ಮನೆಗಳಿಗೂ ದುಡಿದವಳು ಯಾವ ಮನೆಯವಳೆಂದು ಎರಡು ಕಚೇರಿಗಳಿಗೂ ತಿಳಿಯಲಿಲ್ಲ.

ಆಮೇಲೆ ಬ್ಯಾಂಕು. ಶಿಕ್ಷಣ ಸಾಲದ ದೊಡ್ಡ ಫಲಕದ ಕೆಳಗೇ ವ್ಯವಸ್ಥಾಪಕರ ಕೊಠಡಿ. ಫಲಕದಲ್ಲಿ ಒಬ್ಬ ಹುಡುಗಿ ಕಪ್ಪು ಟೋಪಿ ಹಾಕಿಕೊಂಡು ಆಕಾಶಕ್ಕೆ ನೆಗೆಯುತ್ತಿದ್ದಳು. ವ್ಯವಸ್ಥಾಪಕರು ಹುಲಿಗೆಮ್ಮನ ಜನ್ಮದಿನಾಂಕದ ಮೇಲೆ ಬೆರಳಿಟ್ಟು, “ಮೂರು ವರ್ಷ ಓದಿ, ಆಮೇಲೆ ಎಷ್ಟು ವರ್ಷ ಅಂತ ದುಡೀತೀರಮ್ಮಾ?” ಎಂದರು.

“ಸಾರ್, ನೀವು ಮ್ಯಾನೇಜರ್ ಆದಾಗ ನಿಮಗ ಎಷ್ಟು ವಯಸ್ಸಾಗಿತ್ರಿ?”

“ನನಗಾ? ನಲವತ್ತೆಂಟು.”

“ಹಂಗಾರ ನನಗಿನ್ನೂ ಹದಿನಾಕು ವರ್ಷ ಟೈಮ್ ಐತ್ರಿ.”

ವ್ಯವಸ್ಥಾಪಕರು ನಕ್ಕರು, ಚಹಾ ತರಿಸಿದರು. ಸಾಲ ಕೊಡಲಿಲ್ಲ. ನಮ್ಮ ಊರಿನಲ್ಲಿ ಚಹಾ ಕೊಟ್ಟರೆಂದರೆ ಕೆಲಸವಾಗುವುದಿಲ್ಲವೆಂದೇ ಅರ್ಥ ಮಾಡಿಕೊಳ್ಳಬೇಕು. ಕೆಲಸ ಮಾಡಿಕೊಡುವವರಿಗೆ ಚಹಾ ತರಿಸಲು ಪುರುಸೊತ್ತಿರುವುದಿಲ್ಲ.

ಉಪದೇಶಕ್ಕೆ ಮಾತ್ರ ಎಲ್ಲಿಯೂ ಬರವಿರಲಿಲ್ಲ. ಅದನ್ನು ಕೊಡಲು ಯಾರೂ ಪ್ರಮಾಣಪತ್ರ ಕೇಳುವುದಿಲ್ಲ. ಮೋಕದ ಕಡೆಯ ಒಬ್ಬ ಶ್ರೀಮಂತರು, ಹುಲಿಗೆಮ್ಮನ ಗಂಡ ಅವರ ಮನೆಯ ಗೋಡೆ ಕಟ್ಟಿದವನೇ, “ಈ ವಯಸ್ಸಿನ್ಯಾಗ ನಿನಗ್ಯಾಕವ್ವಾ ಓದು? ಮಗಳನ್ನ ಓದಸು, ಪುಣ್ಯ ಬರ್ತೈತಿ” ಎಂದರು. ಹೊರಗೆ ಬಂದ ಮೇಲೆ ಹುಲಿಗೆಮ್ಮ, “ಮಗಳು ಓದಾಕ ಹೋದ್ರ ‘ಮದುವಿ ಮಾಡು’ ಅಂತಾರ. ಇವರ ಪ್ರಕಾರ ಓದೋ ವಯಸ್ಸು ಯಾವಾಗ ಬರ್ತೈತ್ರಿ ಟೀಚರ್?” ಎಂದಳು.

ಫೀಸಿನ ದಿನ ಹತ್ತಿರ ಬರುತ್ತಿತ್ತು. ಆಗ ನಾನು ಬಹಳ ಗತ್ತಿನಿಂದ, “ನನಗೆ ಬಿಡು” ಎಂದೆ. ಚಿಕ್ಕ ದಣಿಯ ಸಂಸ್ಥೆಗೆ ಅರ್ಜಿ ಬರೆದೆ. ಎರಡು ಪುಟ, ಹನ್ನೊಂದು ಅಡಕಗಳು, ಪ್ರತಿಯೊಂದಕ್ಕೂ ಕ್ರಮಸಂಖ್ಯೆ. ಅಷ್ಟು ವರ್ಷದ ಪುಕ್ಕಟೆ ನಿರೂಪಣೆಯ ಋಣವೋ, ಅರ್ಜಿಯ ತೂಕವೋ, ಪಟ್ಟಿಯಲ್ಲಿ ಅವಳ ಹೆಸರು ಬಂತು. ಸಮಾರಂಭ ಭಾನುವಾರ. ಫೀಸಿಗೆ ಕೊನೆಯ ದಿನ ಬುಧವಾರ. ಎಲ್ಲ ಸಕಾಲದಲ್ಲಿ, ನನ್ನ ಯೋಜನೆಯಂತೆಯೇ ನಡೆಯುತ್ತಿದೆಯೆಂದು ನಾನು ಹಿಗ್ಗಿದೆ.

ಭಾನುವಾರ ಅವಳು ಇಸ್ತ್ರಿ ಮಾಡಿದ ನೀಲಿ ಸೀರೆಯುಟ್ಟು ಬಂದಳು. ಬಾಗಿಲಲ್ಲಿ ಬ್ಯಾಡ್ಜು ಧರಿಸಿದ ಸ್ವಯಂಸೇವಕನೊಬ್ಬ, “ಅವ್ವಾ, ಪಾಲಕರು ಆ ಕಡಿ” ಎಂದ.

“ನಾನ ವಿದ್ಯಾರ್ಥಿನಿ ರೀ.”

“ಮಗಳನ್ನ ಈ ಕಡಿ ಕಳಸ್ರಿ, ನೀವು ಆ ಕಡಿ ಕುಂದರ್ರಿ,” ಎಂದು ಅವನು ಕೂಡಿಸಿಯೇ ಬಿಟ್ಟ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಬಂದ. ವೇದಿಕೆಯ ಮೇಲೆ ಕವರುಗಳ ತಟ್ಟೆ ಹಿಡಿಯಬೇಕಾದ ಹುಡುಗಿ ಬಂದಿರಲಿಲ್ಲ. ಪಾಲಕರ ಸಾಲಿನಲ್ಲಿ ಕೈಕಟ್ಟಿ ಕುಳಿತಿದ್ದ ಹುಲಿಗೆಮ್ಮನನ್ನು ಕಂಡು, “ಅವ್ವಾ, ಒಂಚೂರು ಈ ತಟ್ಟಿ ಹಿಡಕೊಂಡು ನಿಂದರ್ತೀಯೇನು?” ಎಂದ. ಹತ್ತು ವರ್ಷ ತಟ್ಟೆ ಹಿಡಿದ ಕೈ, ಎದ್ದು ಹಿಡಿದಳು. ಮೈಕಿನ ಹಿಂದಿನಿಂದ ನಾನು ಅದನ್ನು ಕಂಡೆ. ಸತ್ಯವನ್ನೇ ಹೇಳಬೇಕಲ್ಲ: ಕಂಡೂ ಸುಮ್ಮನಿದ್ದೆ. ಕಾರ್ಯಕ್ರಮ ಆಗಲೇ ಎಂಟು ನಿಮಿಷ ತಡವಾಗಿತ್ತು.

ಒಬ್ಬೊಬ್ಬರನ್ನೇ ಕರೆದೆ. ಎಡದಿಂದ ಏರಿದರು, ಬಾಗಿದರು, ಕವರು ಪಡೆದರು, ನಿಂತರು, ಬಲದಿಂದ ಇಳಿದರು. ನನ್ನ ನಾಲ್ಕು ಸಾಲುಗಳು ಗಡಿಯಾರದಂತೆ ನಡೆದವು. ಚಿಕ್ಕ ದಣಿ ಪ್ರತಿಯೊಬ್ಬರಿಗೂ ಬಲಗಾಲನ್ನು ತುಸು ಮುಂದೆ ಚಾಚಿ, ಮುಖವನ್ನು ಮಾತ್ರ ಛಾಯಾಗ್ರಾಹಕನ ಕಡೆ ತಿರುಗಿಸಿ ಆಶೀರ್ವದಿಸುತ್ತಿದ್ದರು. ಯಾರನ್ನು ಆಶೀರ್ವದಿಸಿದರೆಂದು ಮರುದಿನ ಫೋಟೋ ನೋಡಿಯೇ ಅವರಿಗೆ ತಿಳಿಯಬೇಕು.

ಕೊನೆಗೆ ಹುಲಿಗೆಮ್ಮನ ಹೆಸರು ಕರೆದೆ. ತಟ್ಟೆ ಹಿಡಿದವಳೇ ಮುಂದೆ ಬಂದಳು. ಸಭೆ ಗೊಳ್ಳೆಂದು ನಕ್ಕಿತು. ತಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳು ಅದನ್ನು ಪಕ್ಕದಲ್ಲಿ ನಿಂತಿದ್ದ ಮುಖ್ಯ ಅತಿಥಿಗಳ ಕೈಗೆ ಕೊಟ್ಟಳು. ಅವರೂ ಯೋಚಿಸದೆ ಹಿಡಿದುಕೊಂಡರು. ಇಡೀ ಸಮಾರಂಭದಲ್ಲಿ ಅವರು ಮಾಡಿದ ಕೆಲಸ ಅದೊಂದೇ. ಚಿಕ್ಕ ದಣಿ ಕಾಲು ಚಾಚಿದರು. “ಬಗ್ರಿ ಅಮ್ಮಾ, ಬಗ್ರಿ,” ಎಂದ ಛಾಯಾಗ್ರಾಹಕ. ಅವಳು ಬಾಗಲಿಲ್ಲ. ಕೈ ಮುಗಿದು, ಮೆಲ್ಲಗೆ, ಆದರೆ ನನ್ನ ಮೈಕಿಗೆ ಕೇಳುವಷ್ಟು ಹತ್ತಿರದಿಂದ ಹೇಳಿದಳು:

“ದಣೀರ, ನಾ ನಿಮಗಿಂತ ದೊಡ್ಡಾಕಿ ಅದೀನ್ರಿ. ದೊಡ್ಡವರು ಸಣ್ಣವರ ಕಾಲು ಮುಟ್ಟಿದ್ರ ಸಣ್ಣವರ ಆಯುಷ್ಯ ಕಮ್ಮಿ ಆಗ್ತೈತಿ ಅಂತಾರ. ಕೈ ಮುಗೀತೀನಿ, ಸಾಕಲ್ರಿ?”

ಸಭೆಯ ನಗು ನಿಂತಿತು. ಚಿಕ್ಕ ದಣಿಯ ಮುಖ ಕೆಂಪಾಯಿತು. ಕಾರ್ಯದರ್ಶಿ ನನ್ನ ಕಡೆ ನೋಡಿದರು. ನನಗೆ ಕಂಡದ್ದು ಬುಧವಾರ, ಕಂಡದ್ದು ಕವರು, ಕಂಡದ್ದು, ನಾಚಿಕೆಯಿಂದ ಹೇಳುತ್ತೇನೆ, ಪ್ಲಾಸ್ಟಿಕ್ಕಿನೊಳಗಿದ್ದ ನನ್ನದೇ ಎರಡನೆಯ ಸಾಲು. ಬಾಯಿ ತೆರೆದೆ.

“ಹುಲಿಗೆಮ್ಮ, ಬಾಗು.”

ಪಿಸುಗುಟ್ಟಿದೆನೆಂದುಕೊಂಡಿದ್ದೆ. ಮೈಕು ಚಾಲೂ ಇತ್ತು. ನನ್ನ ಸ್ಪಷ್ಟ ಉಚ್ಚಾರಣೆಯನ್ನು ಬಳ್ಳಾರಿಯೆಲ್ಲ ಹೊಗಳುತ್ತದೆ. ಅಂದು ಆ ಎರಡು ಪದಗಳು ನಾಲ್ಕೂ ಸ್ಪೀಕರುಗಳಿಂದ ಅಷ್ಟೇ ಸ್ಪಷ್ಟವಾಗಿ ಹೊರಟು, ಹಿಂದಿನ ಗೋಡೆಗೆ ಬಡಿದು, ಮತ್ತೆ ನನ್ನ ಕಿವಿಗೇ ಬಂದವು. ಅವಳು ನನ್ನ ಮುಖ ನೋಡಿದಳು. ತರಗತಿಯ ಹೊರಗೆ ನಿಂತು ನೋಡುತ್ತಿದ್ದಳಲ್ಲ, ಅದೇ ನೋಟ. ಬಾಗಿ, ಚಿಕ್ಕ ದಣಿಯ ಬೂಟನ್ನು ಎರಡು ಬೆರಳಿನಿಂದ ಮುಟ್ಟಿದಳು.

“ಅಯ್ಯೋ ನಾ ಕೊಡುಕೋ! ಮುಟ್ಟಬ್ಯಾಡಮ್ಮಾ, ಮುಟ್ಟಬ್ಯಾಡ!” ಎಂದು ಮುಂದಿನ ಸಾಲಿನಿಂದ ಒಂದು ಕೂಗು ಎದ್ದಿತು. ಚಿಕ್ಕ ದಣಿಯ ತಾಯಿ ತಮ್ಮ ಮನೆಮಾತು ತೆಲುಗಿನಲ್ಲಿ ‘ನನ್ನ ಮಗನೇ’ ಎಂದು ಕೂಗಿದ್ದು. ಒಬ್ಬನೇ ಮಗ. ಆಕೆ ಎರಡೂ ಕೈ ಮೇಲೆತ್ತಿ ಧಾವಿಸುವಷ್ಟರಲ್ಲಿ ಮುಟ್ಟುವುದು ಮುಗಿದಿತ್ತು. ಆ ಗದ್ದಲದಲ್ಲಿ ಕವರು ಅವಳ ಕೈ ಸೇರಿತು, ಫೋಟೋ ತೆಗೆಯುವುದು ಮಾತ್ರ ಉಳಿದುಹೋಯಿತು. ನಾನು ವಂದನಾರ್ಪಣೆಗೆ ಕರೆದುಬಿಟ್ಟೆ.

ಈಗ ಕವರಿನ ವಿಷಯ. ಅದರೊಳಗೆ ಏನೂ ಇರಲಿಲ್ಲ. ಯಾರ ಕವರಿನಲ್ಲಿಯೂ ಇರುವುದಿಲ್ಲ. ಚೆಕ್ಕನ್ನು ಆಮೇಲೆ ಕಚೇರಿಗೆ ಹೋಗಿ, ಫೋಟೋ ತೋರಿಸಿ ಪಡೆಯಬೇಕು. ಇದು ನನಗೆ ಮೊದಲಿನಿಂದ ಗೊತ್ತಿತ್ತು. ಹನ್ನೊಂದು ವರ್ಷ ‘ಸಹಾಯಧನವನ್ನು ಸ್ವೀಕರಿಸುತ್ತಿದ್ದಾರೆ’ ಎಂದು ಗಂಭೀರವಾಗಿ ಘೋಷಿಸಿದ್ದು ಖಾಲಿ ಕವರುಗಳನ್ನೇ. ಸೋಮವಾರ ನಾವಿಬ್ಬರೂ ಕಚೇರಿಗೆ ಹೋದೆವು. ಕಾರ್ಯದರ್ಶಿ ನನ್ನ ಕಣ್ಣು ತಪ್ಪಿಸಿ, “ಇಪ್ಪತ್ತೈದು ವರ್ಷದೊಳಗಿನವರಿಗೆ ಮಾತ್ರ ಅಂತ ನಿಯಮ ಐತ್ರಿ ಟೀಚರ್” ಎಂದರು.

“ಆ ನಿಯಮ ಎಲ್ಲಿದೆ? ತೋರಿಸಿ.”

“ಬರೀತೀವ್ರಿ,” ಎಂದರು.

ಇಂಥ ಪ್ರಾಮಾಣಿಕ ಉತ್ತರವನ್ನು ನಾನು ಯಾವ ಕಚೇರಿಯಲ್ಲಿಯೂ ಕೇಳಿಲ್ಲ.

ಅವಳನ್ನು ಬಿಡಲು ಬಸ್ ನಿಲ್ದಾಣದವರೆಗೆ ಹೋದೆ. ಕುರುಗೋಡಿನ ಬಸ್ಸು ಬಂದು ನಿಂತಾಗ ನಾನು, “ಹುಲಿಗೆಮ್ಮ, ನಾನು ಬಾಗು ಎನ್ನಬಾರದಿತ್ತು” ಎಂದೆ. ಇಪ್ಪತ್ತಾರು ವರ್ಷ ತಪ್ಪು ತಿದ್ದಿದವಳಿಗೆ ತನ್ನ ತಪ್ಪನ್ನು ಬಾಯಲ್ಲಿ ಹೇಳುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು.

ಅವಳು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ಹೇಳಿದಳು: “ನಾ ಅವರಿಗೆ ಬಾಗಿಲ್ರಿ ಟೀಚರ್. ನೀವು ಹೇಳಿದ್ರಿ, ಬಾಗಿದೆ.”

ಸಮಾಧಾನಕ್ಕೆಂದೇ ಹೇಳಿದ್ದಿರಬೇಕು. ಇದಕ್ಕಿಂತ ಬಯ್ದಿದ್ದರೆ ನಾನು ನೆಮ್ಮದಿಯಿಂದ ಊಟ ಮಾಡುತ್ತಿದ್ದೆ.

ಮಂಗಳವಾರ ಬೆಳಿಗ್ಗೆ ಕಾರ್ಯದರ್ಶಿಯ ಫೋನು. ದನಿ ಪೂರ್ತಿ ಬದಲಾಗಿತ್ತು. “ಟೀಚರ್ರಿ, ಆ ಹೆಣ್ಮಗಳನ್ನ ಕರಕೊಂಡು ಲಗೂ ಬರ್ರಿ. ದಣೇರ ಮನಿಗೆ. ಅಮ್ಮಾರು ನಿನ್ನೆ ಸಂಜಿಯಿಂದ ಊಟ ಬಿಟ್ಟಾರ.”

ನಡೆದದ್ದಿಷ್ಟು: ಸೋಮವಾರ ಸಂಜೆ ಚಿಕ್ಕ ದಣಿ ಮೂರು ಸಲ ಸೀನಿದ್ದರು. ಬಳ್ಳಾರಿಯ ಧೂಳಿನಲ್ಲಿ ಸೀನದವರು ಯಾರು? ಆದರೆ ತಾಯಿಯ ಲೆಕ್ಕದಲ್ಲಿ ಪ್ರತಿ ಸೀನಿಗೂ ಆಯುಷ್ಯದ ಇಷ್ಟಿಷ್ಟು ವರ್ಷ ಹಾರಿಹೋಗಿತ್ತು. ಮುಟ್ಟಿದ ದೋಷ ಮುಟ್ಟಿಯೇ ಕಳೆಯಬೇಕು, ಆ ಹಿರಿಯಳ ಕಾಲಿಗೆ ಮಗ ಬಿದ್ದು, ಅವಳ ಬಾಯಿಂದಲೇ ಆಯುಷ್ಯದ ಮಾತು ಬರಬೇಕು ಎಂದು ಆಕೆ ಹಟ ಹಿಡಿದಿದ್ದರು.

ಕೋಟೆಯ ಕಡೆ ಹೋಗುವ ರಸ್ತೆಯಲ್ಲಿರುವ ಆ ಮನೆಯ ನಡುಮನೆಯಲ್ಲಿ ಛಾಯಾಗ್ರಾಹಕರು ಇರಲಿಲ್ಲ, ಹಾರವಿರಲಿಲ್ಲ, ನಿರೂಪಣೆಯೂ ಇರಲಿಲ್ಲ. ಚಿಕ್ಕ ದಣಿ ಲುಂಗಿಯುಟ್ಟು, ಕೆಂಪು ಮೂಗಿನೊಂದಿಗೆ, ಶಾಲೆಗೆ ಹೋಗಲೊಲ್ಲದ ಮಗುವಿನಂತೆ ಕಂಬಕ್ಕೆ ಆತು ನಿಂತಿದ್ದರು. “ರಾ ನಾಯನಾ, ಬಾ, ಅಕ್ಕನ ಕಾಲು ಮುಟ್ಟು,” ಎಂದರು ತಾಯಿ. ಭಾನುವಾರ ‘ಅವ್ವಾ, ಆ ಕಡಿ’ ಎನ್ನಿಸಿಕೊಂಡವಳು ಮಂಗಳವಾರಕ್ಕೆ ಅಕ್ಕನಾಗಿದ್ದಳು. ಚಿಕ್ಕ ದಣಿ ಬಾಗಿದರು. ಹುಲಿಗೆಮ್ಮ ಕಾಲು ಚಾಚಲಿಲ್ಲ, ಹಿಂದಕ್ಕೆಳೆದುಕೊಳ್ಳಲೂ ಇಲ್ಲ. ಅವರು ಏಳುತ್ತಿದ್ದಂತೆ ಅಂಗೈಯ ಹಿಂಬದಿಯನ್ನು ಅವರ ಹಣೆಗಿಟ್ಟು ನೋಡಿದಳು.

“ಜ್ವರ ಇಲ್ರಿ. ಬಿಸಿನೀರು ಕುಡೀರಿ, ಧೂಳಿನ್ಯಾಗ ತಿರಗಬ್ಯಾಡ್ರಿ. ನೂರು ವರ್ಷ ಬಾಳ್ರಿ.”

ತಾಯಿಯ ಕಣ್ಣಲ್ಲಿ ನೀರಾಡಿತು. “ಏನು ಬೇಕು ಕೇಳಮ್ಮಾ. ಸೀರೆ ಕೊಡಲಾ? ಮಗಳಿಗೆ ಏನಾದ್ರೂ?”

“ಏನೂ ಬ್ಯಾಡ್ರಿ ಅಮ್ಮಾ. ಭಾನುವಾರ ಕೊಟ್ಟ ಕವರಿನ್ಯಾಗ ಏನಿರಬೇಕಾಗಿತ್ತೋ ಅದನ್ನ ಇಟ್ಟು ಕೊಟ್ಟಬಿಡ್ರಿ. ನಾಳಿ ಕಡೀ ದಿನ ಐತ್ರಿ.” ಹಾಗೆಂದು ಅವಳು ಚೀಲದಿಂದ ಆ ಖಾಲಿ ಕವರನ್ನು ತೆಗೆದು, ಸುಕ್ಕು ನೀವಿ, ಮುಂದೆ ಹಿಡಿದಳು.

ತಾಯಿ ಮಗನ ಕಡೆ ತಿರುಗಿದರು. “ಕವರು ಖಾಲಿ ಕೊಟ್ಯಾ ನಾಯನಾ?” ಎಂದಷ್ಟೇ ಕೇಳಿದರು. ಸಂಸ್ಥೆಯ ಹನ್ನೊಂದು ವರ್ಷದ ವರದಿಗಳಲ್ಲಿ ಎಲ್ಲಿಯೂ ಕೇಳಿಬರದ ಪ್ರಶ್ನೆ ಅದು. ಚೆಕ್ಕು ಹತ್ತು ನಿಮಿಷದಲ್ಲಿ ಸಹಿಯಾಯಿತು. ತಂದೆಯ ಆದಾಯ, ಗಂಡನ ಊರು, ಓದುವ ವಯಸ್ಸು, ನನ್ನ ಹನ್ನೊಂದು ಅಡಕಗಳು, ಯಾವುದನ್ನೂ ಯಾರೂ ಕೇಳಲಿಲ್ಲ. ಬುಧವಾರ ಮಧ್ಯಾಹ್ನ ಫೀಸು ಕಟ್ಟಿದ ರಸೀದಿಯನ್ನು ನಾನೇ ಫೈಲಿಗೆ ಸೇರಿಸಿದೆ.

ಮಂಗಳವಾರ ಆ ಮನೆಯಿಂದ ಹೊರಬಂದ ಕೂಡಲೇ ನನ್ನೊಳಗಿನ ಶಾಲೆ ಎಚ್ಚರಗೊಂಡಿತ್ತು. ಮೂಢನಂಬಿಕೆಯ ಕೆಡುಕುಗಳನ್ನು ಕುರಿತು ಪ್ರತಿವರ್ಷ ಮಕ್ಕಳಿಂದ ಪ್ರಬಂಧ ಬರೆಸಿದವಳು ನಾನು, ಹುಲಿಗೆಮ್ಮನಿಂದಲೂ ಬರೆಸಿದ್ದೆ. “ಈ ಆಯುಷ್ಯದ ಮಾತನ್ನೆಲ್ಲ ನೀನು ನಂಬುತ್ತೀಯಾ?” ಎಂದು ಗದರಿದೆ.

ಅವಳು ನಕ್ಕಳು. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಬಾಯ್ತುಂಬ ನಕ್ಕದ್ದು. “ಹತ್ತು ವರ್ಷದಿಂದ ದಿನಾ ಹುಟ್ಟಿದ ಕೂಸುಗಳ ಕಾಲು ತೊಳದೀನ್ರಿ ಟೀಚರ್. ನಾ ಮುಟ್ಟಿದ ಕಾಲೆಲ್ಲಾ ಈಗ ಸಾಲಿಗೆ ಓಡ್ತಾವ, ಗಟ್ಟಿಮುಟ್ಟ ಅದಾವ.”

“ಮತ್ತೆ ಅಂದು ಯಾಕೆ ಹಾಗೆ ಹೇಳಿದೆ?”

“ಬಾಗಾಕ ಮನಸ್ಸು ಬರಲಿಲ್ಲ. ‘ಒಲ್ಲೆ’ ಅಂದ್ರ ಸೊಕ್ಕು ಅಂತಿದ್ರು. ಅವರಿಗೆ ತಿಳಿಯೋ ಮಾತಿನ್ಯಾಗ ಹೇಳಿದೆ.”

ಅವಳು ಈಗ ಎರಡನೆಯ ವರ್ಷದಲ್ಲಿದ್ದಾಳೆ. ತರಗತಿಯಲ್ಲಿ ಉಳಿದವರೆಲ್ಲ ಹದಿನೆಂಟರವರು. ಅವಳನ್ನು ‘ಆಂಟಿ’ ಎನ್ನುತ್ತಾರಂತೆ, ಪರೀಕ್ಷೆಯ ಹಿಂದಿನ ದಿನ ಮಾತ್ರ ‘ಅಕ್ಕಾ’ ಎನ್ನುತ್ತಾರಂತೆ. ಅವಳನ್ನು ನೋಡಿ ಅದೇ ನರ್ಸಿಂಗ್ ಹೋಮಿನ ಇನ್ನಿಬ್ಬರು ಆಯಾಗಳು ಈ ವರ್ಷ ಅರ್ಜಿ ಹಾಕಿದ್ದಾರೆ. ಅವರ ಅರ್ಜಿಗಳನ್ನೂ ನಾನೇ ಬರೆದೆ. ಅಮ್ಮಾರೇ ಹೇಳಿ ಇಬ್ಬರ ಹೆಸರನ್ನೂ ಪಟ್ಟಿಗೆ ಸೇರಿಸಿದರಂತೆ. ಬರೆಯುತ್ತೇವೆಂದಿದ್ದ ಇಪ್ಪತ್ತೈದು ವರ್ಷದ ನಿಯಮವನ್ನು ಯಾರೂ ಬರೆಯಲಿಲ್ಲ. ಒಬ್ಬಳಿಗೆ ಮೂವತ್ತೊಂದು, ಇನ್ನೊಬ್ಬಳಿಗೆ ಮೂವತ್ತಮೂರು.

ಆಮಂತ್ರಣ ಪತ್ರಿಕೆ ಬಿದ್ದ ದಿನವೇ ಮಧ್ಯಾಹ್ನ ಕಾರ್ಯದರ್ಶಿಯ ಫೋನು ಬಂತು. “ಪತ್ರಿಕಿ ಮುಟ್ಟಿತೇನ್ರಿ ಟೀಚರ್? ಹೊಸದೇನೂ ಬರಿಯಾಕ ಹೋಗಬ್ಯಾಡ್ರಿ. ಹಳೇ ಸೂಚನೆನ ಓದಿಬಿಡ್ರಿ, ಸಾಕು.”

ಹಳೆಯ ಸೂಚನೆ ನನ್ನ ಮುಂದೆಯೇ ಇತ್ತು. ಪ್ಲಾಸ್ಟಿಕ್ಕಿನೊಳಗೆ ನನ್ನದೇ ಗುಂಡು ಗುಂಡು ಅಕ್ಷರ. ನೂರಾರು ಮಕ್ಕಳು ಆ ಎರಡನೆಯ ಸಾಲಿಗೆ ಬೆನ್ನು ಬಗ್ಗಿಸಿದ್ದಾರೆ. ಚಿಕ್ಕ ದಣಿಯನ್ನು ನಾನು ಎಷ್ಟಾದರೂ ಹೀಯಾಳಿಸಬಹುದು. ಕಾಲನ್ನು ಅವರು ಚಾಚಿದ್ದು ನಿಜ, ಆದರೆ ಬಾಗಬೇಕೆಂದು ಬರೆದುಕೊಟ್ಟವಳು ನಾನು. ಪ್ಲಾಸ್ಟಿಕ್ಕಿನ ಮೇಲೆ ಕೆಂಪು ಶಾಯಿ ನಿಲ್ಲುವುದಿಲ್ಲವೆಂದು ಗೊತ್ತಿದ್ದೂ ಆ ಸಾಲಿನ ಮೇಲೆ ಪೆನ್ನು ಎಳೆದೆ. ನಿಲ್ಲಲಿಲ್ಲ. ಕತ್ತರಿ ತಂದು ಇಡೀ ಹಾಳೆಯನ್ನು ನಡುವೆ ಕತ್ತರಿಸಿದೆ.

“ಎರಡನೆಯ ಸೂಚನೆಯನ್ನು ತೆಗೆದುಹಾಕಿದ್ದೇನೆ,” ಎಂದೆ. “ಯಾರೂ ಯಾರ ಕಾಲನ್ನೂ ಮುಟ್ಟುವುದಿಲ್ಲ.”

“ಹಂಗಂದ್ರ ಹೆಂಗ್ರಿ! ದಣೇರು ಒಪ್ಪಂಗಿಲ್ಲ. ಫೋಟೋ ಹೆಂಗ ಬರ್ತೈತಿ?”

ಮೂಢನಂಬಿಕೆಯ ವಿರುದ್ಧ ಇಪ್ಪತ್ತಾರು ವರ್ಷ ಪ್ರಬಂಧ ಬರೆಸಿದವಳು ಒಮ್ಮೆ ಗಂಟಲು ಸರಿಪಡಿಸಿಕೊಂಡೆ.

“ಪಟ್ಟಿಯಲ್ಲಿ ದಣಿಗಳಿಗಿಂತ ಹಿರಿಯರು ಇಬ್ಬರಿದ್ದಾರೆ. ಹೋದ ವರ್ಷ ಒಬ್ಬಳೇ ಇದ್ದಳು, ಮೂರು ಸೀನು ಬಂದವು. ಈ ಸಲ ಎಷ್ಟು ಬರಬಹುದೆಂದು ದಯವಿಟ್ಟು ಅವರ ತಾಯಿಯವರನ್ನು ಕೇಳಿ ಹೇಳಿ.”

ಫೋನು ಕಟ್ಟಾಯಿತು. ಅರ್ಧ ಗಂಟೆಯೂ ಆಗಿರಲಿಲ್ಲ, ಮತ್ತೆ ಬಂತು.

“ಅಮ್ಮಾರು ತೆಗೀರಿ ಅಂದ್ರು. ಈ ವರ್ಷ ಅಷ್ಟ ಅಲ್ಲ, ಯಾವಾಗ್ಲೂ ಬ್ಯಾಡ ಅಂದ್ರು. ಬ್ಯಾರೆ ಏನರ ತಿದ್ದೂದು ಐತೇನ್ರಿ?”

ಕೈಯಲ್ಲಿದ್ದ ಕತ್ತರಿಸಿದ ಹಾಳೆಯ ಕೆಳಗಿನ ತುಂಡನ್ನು ನೋಡಿದೆ. ಮೂರು: ಕವರನ್ನು ಸ್ವೀಕರಿಸಿ ಛಾಯಾಚಿತ್ರಕ್ಕೆ ನಿಲ್ಲುವುದು.

“ಹಾಳೆಯಲ್ಲಿ ಇನ್ನೇನೂ ಇಲ್ಲ,” ಎಂದೆ. “ಕವರಿನೊಳಗೆ ಇದೆ. ಭಾನುವಾರ ನಾನು ಮೈಕಿನ ಮುಂದೆ ಒಂದೊಂದನ್ನೂ ತೆರೆಸಿ ನೋಡುತ್ತೇನೆ.”